ಬೀರಪ್ಪನ ಮುಂದಿನ ಪಾನಾ

ಸಿದ್ರಾಯನ ಕಾರಿನಲ್ಲಿ ಎಲ್ಲವೂ ಇತ್ತು. ರಸ್ತೆಯ ಮೇಲೆ ನಿಲ್ಲಿಸುವ ಕೆಂಪು ತ್ರಿಕೋನ, ಎಳೆಯುವ ಹಗ್ಗ, ತಲೆಗೆ ಕಟ್ಟಿಕೊಳ್ಳುವ ಬ್ಯಾಟರಿ, ಫ್ಯೂಸಿನ ಡಬ್ಬಿ, ನೀರಿನ ಕ್ಯಾನು, ಗಾಯಕ್ಕೊಂದು ಮುಲಾಮು, ಆ ಮುಲಾಮು ಒಣಗಿಹೋದರೆ ಇನ್ನೊಂದು ಮುಲಾಮು. ದಾರಿಯಲ್ಲಿ ಗಾಡಿ ಕೆಟ್ಟರೆ ಏನು ಮಾಡಬೇಕೆಂದು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅವನಿಗೆ ಎಂಥ ತಯಾರಿ ಆಗಿತ್ತೆಂದರೆ, ಗಾಡಿ ಇನ್ನೂ ಯಾಕೆ ಕೆಟ್ಟಿಲ್ಲ ಎಂದು ಒಳಗೊಳಗೇ ಬೇಸರಪಡುತ್ತಿದ್ದ. ಬೆಳ್ಳಿಯಂತೆ ಹೊಳೆಯುವ ಗಾಲಿ ಹಾಕಿಸಿದ ಮೇಲಂತೂ ಅವನ್ನು ಕಳ್ಳರು ಬಿಚ್ಚಿಕೊಂಡು ಹೋಗಬಾರದೆಂದು ಪ್ರತಿ ಗಾಲಿಗೂ ಒಂದು ಲಾಕ್ ನಟ್ಟು ಕೂರಿಸಿದ್ದ. ಆ ನಟ್ಟಿಗೆ ಅದರದೇ ಆದ ಚಾವಿ ಬೇಕು. ನಟ್ಟು ಬಿಚ್ಚುವ ಬೇರೆ ಯಾವ ಪಾನಾ ಹಾಕಿದರೂ ಅದು ಜಪ್ಪಯ್ಯ ಅನ್ನುವುದಿಲ್ಲ.

ಆ ಭಾನುವಾರ ಮೂಡಲಗಿಯಿಂದ ಹೊರಟ ಕಾರಿನಲ್ಲಿ ಐವರಿದ್ದರು. ಕನ್ಯೆ ನೋಡಲು ಐವರೇ ಹೋಗಬೇಕೆಂಬುದು ಮನೆತನದ ಪದ್ಧತಿ. ಸ್ಟೇರಿಂಗ್ ಹಿಡಿದವನು ಸಿದ್ರಾಯ. ಅವನ ಬಾಜೂ ಕೂತು ದಾರಿ ಗೊತ್ತಿದ್ದರೂ ದಾರಿ ಹೇಳುತ್ತಿದ್ದವನು ಬೀರಸಿದ್ದಪ್ಪ ಮಾಮಾ. ಹಿಂದಿನ ಸೀಟಿನಲ್ಲಿ ಮಾಮಾನ ಹೆಂಡತಿ ಗುಡ್ಡವ್ವ, ಯಾರ ಧ್ವನಿಯನ್ನಾದರೂ ಒಮ್ಮೆ ಕೇಳಿದರೆ ಹಾಗೇ ತೆಗೆದು ತೋರಿಸುವ ಗೆಳೆಯ ಅರ್ಜುನ, ಮತ್ತು ಇಬ್ಬರ ನಡುವೆ ಇಸ್ತ್ರಿ ಮುರಿಯಬಾರದೆಂದು ಬೆನ್ನು ಆನಿಸದೆ ಕೂತ ಮಾಲಿಂಗ. ಸಿದ್ರಾಯ ಅವನ ಚಿಕ್ಕಪ್ಪನ ಮಗ.

ನೋಡಿಸಿಕೊಳ್ಳಬೇಕಾದ ವರ ಮಾಲಿಂಗನೇ. ವಯಸ್ಸು ಮೂವತ್ತೈದು ದಾಟಿತ್ತು. ಕುರಿ ಇದ್ದವು, ಕಬ್ಬು ಇತ್ತು, ಮನೆ ಇತ್ತು. ನೌಕರಿ ಇರಲಿಲ್ಲ. ಕನ್ಯೆಯ ಕಡೆಯವರು ಮೊದಲು ಕೇಳುವುದು ಕಡೆಯದನ್ನೇ. ಊರಿನ ಲಗ್ನಗಳಲ್ಲೆಲ್ಲ ಹಂದರ ಹಾಕಲು, ಊಟದ ಪಂಕ್ತಿಗೆ ನೀಡಲು, ಬೀಗರನ್ನು ಬಸ್ಸಿಗೆ ಹತ್ತಿಸಲು ಅವನೇ ಬೇಕು. ಗಾಳಿ ತುಂಬಿಸಿ ಡಿಕ್ಕಿಯಲ್ಲಿ ಮಲಗಿಸಿದ ಸ್ಟೆಪ್ನಿಯ ಹಾಗೆ ಎಲ್ಲರ ಮೆರವಣಿಗೆಗೂ ಹೋಗಿಬಂದು, ತಾನು ಮಾತ್ರ ಎಲ್ಲಿಯೂ ನೆಲ ಮುಟ್ಟದೆ ಉಳಿದಿದ್ದ.

ಈ ಸಲದ ಮಾತು ಬೇರೆ. ಹುಕ್ಕೇರಿ ಆಚೆಯ ದಡ್ಡಿ ಊರಿನ ಲಗಮಣ್ಣನ ಮಗಳು ಭಾಗ್ಯಾ, "ಹೊಲದಾಗ ದುಡಿಯಾವ ಆದ್ರೂ ಅಡ್ಡಿಯಿಲ್ಲ" ಅಂದಿದ್ದಳಂತೆ. ಮಧ್ಯಸ್ಥ ಅಪ್ಪಣ್ಣ ಈ ಮಾತನ್ನು ಫೋನಿನಲ್ಲಿ ಹೇಳಿದಾಗ ಮಾಲಿಂಗನ ತಾಯಿ ರಾಮವ್ವ ಮತ್ತೊಮ್ಮೆ ಹೇಳಿಸಿ ಕೇಳಿದ್ದಳು. ಆದರೆ ಲಗಮಣ್ಣನಿಗೆ ಅಡ್ಡಿಯಿತ್ತು. ನೌಕರಿಯವರೊಬ್ಬರು ಸೋಮವಾರ ಬರುವವರಿದ್ದರು. "ಐತವಾರ ನಾಕೂವರಿ ಆತಂದ್ರ ರಾಹುಕಾಲ. ಅದರೊಳಗ ಬಂದು ಮಾತ ಮುಗಿಸಿಕೊಂಡ ಹೋಗ್ರಿ. ಕಾರ ತಗೊಂಡ ಬರ್ರಿ. ಹುಡುಗನ್ದ ಕಾರ ಐತಿ ಅಂತ ಹೇಳೀನಿ," ಎಂದು ಅಪ್ಪಣ್ಣ ಹೇಳಿ, ತಾನು ಬೆಳಿಗ್ಗೆಯೇ ದಡ್ಡಿಗೆ ಹೋಗಿ ಕೂತಿದ್ದ.

ಗೋಕಾಕ ದಾಟಿ, ಘಟಪ್ರಭಾ ದಾಟಿ, ಹುಕ್ಕೇರಿಯ ಕಡೆ ತಿರುಗಿದಾಗ ಬಿಸಿಲು ನೆತ್ತಿಯ ಮೇಲಿತ್ತು. ತುಳಸಿ ಲಗ್ನ ಮುಗಿದ ಹೊಸತು. ಒಂದು ಕಡೆ ಕನ್ಯೆ ನೋಡುವವರ ಕಾರುಗಳು, ಇನ್ನೊಂದು ಕಡೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು. ಯಾವುದೋ ಟ್ರೇಲರಿನಿಂದ ಕಳಚಿ ಬಿದ್ದ ಕಬ್ಬಿಣದ ಪಟ್ಟಿಯೊಂದು ರಸ್ತೆಯಲ್ಲಿ ಬಾಯಿ ತೆರೆದು ಮಲಗಿತ್ತು. ಸಿದ್ರಾಯ ಅದನ್ನು ನೋಡಿದ. ನೋಡಿದ ಮೇಲೆ ಹಾಯಿಸಿದನೋ, ಹಾಯಿಸಿದ ಮೇಲೆ ನೋಡಿದನೋ. ಎಡಗಡೆಯ ಮುಂದಿನ ಗಾಲಿ ಫಟ್ ಎಂದಿತು. ಟೈರಿನ ಬಾಜೂ ಉದ್ದಕ್ಕೆ ಸೀಳಿ, ಪಂಚರ್ ತಿದ್ದಲಿಕ್ಕೂ ಏನೂ ಉಳಿದಿರಲಿಲ್ಲ. ಗಾಲಿಯ ಗಾಳಿ ಪೂರ್ತಿ ಖಾಲಿ.

"ಯಾರೂ ಗಾಬರಿ ಆಗಬ್ಯಾಡ್ರಿ," ಎಂದ ಸಿದ್ರಾಯ. ಅವನ ಮುಖದಲ್ಲಿ ಗಾಬರಿಗಿಂತ ಹಬ್ಬ ಹೆಚ್ಚಿತ್ತು. ಇಂಡಿಕೇಟರ್ ಹಾಕಿದ, ಕೈಬ್ರೇಕ್ ಎಳೆದ, ಗಾಲಿಗಳಿಗೆ ಕಲ್ಲು ಕೊಟ್ಟ, ಹಿಂದೆ ನಡೆದುಹೋಗಿ ಕೆಂಪು ತ್ರಿಕೋನ ನಿಲ್ಲಿಸಿ ಬಂದ. ವಿಡಿಯೋದವನು ಕಲಿಸಿದ್ದರಲ್ಲಿ ಒಂದನ್ನೂ ಬಿಡಲಿಲ್ಲ. ಆಮೇಲೆ ಡಿಕ್ಕಿ ತೆಗೆದು, ಸ್ಟೆಪ್ನಿ ಎತ್ತಿ, ಅದರ ಕೆಳಗೆ ಕೈ ಹಾಕಿದ. ಕೈಗೆ ಬಂದದ್ದು ತೆಂಗಿನಕಾಯಿ.

ಜಾಕು, ಪಾನಾ, ಲಾಕ್ ನಟ್ಟಿನ ಚಾವಿ, ಮೂರೂ ಇರಬೇಕಾದ ಚೀಲದ ಜಾಗದಲ್ಲಿ, ಜುಟ್ಟು ಬಿಟ್ಟ ತೆಂಗಿನಕಾಯಿ ಮೈತುಂಬ ಅರಿಶಿನದ ಭಂಡಾರ ಬಳಿದುಕೊಂಡು ಕೂತಿತ್ತು.

"ಇದು ರಾಮವ್ವಕ್ಕಾರ ಕೆಲಸ," ಎಂದಳು ಗುಡ್ಡವ್ವ, ಕಾಯಿಯನ್ನು ಕಣ್ಣಿಗೊತ್ತಿಕೊಂಡು.

ಮಾಲಿಂಗ ತಾಯಿಗೆ ಫೋನ್ ಮಾಡಿದ. ವಿಧವೆ ಬರಬಾರದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ರಾಮವ್ವ ತಾನೇ ಹಿಂದೆ ಉಳಿದಿದ್ದಳು.

"ಯವ್ವಾ, ಗಾಡ್ಯಾಗಿನ ಪಾನಾದ ಚೀಲ ಎಲ್ಲೈತಿ?"

"ಬೀರಪ್ಪನ ಮುಂದ ಐತೆಪಾ. ಯಾಕ?"

ದಸರೆಯ ಖಂಡೇ ಪೂಜೆಯ ದಿನ ಕುಡಗೋಲು, ಕೊಡಲಿ, ಕುರಿ ಉಣ್ಣೆಯ ಕತ್ತರಿಯ ಜತೆಗೆ ಕಾರಿನ ಸಾಮಾನೂ ದೇವರ ಜಗಲಿಯ ಮೇಲೆ ಕೂತಿತ್ತು. ಹಬ್ಬ ಮುಗಿದ ಮೇಲೆ ಉಳಿದವೆಲ್ಲ ಅವವುಗಳ ಜಾಗಕ್ಕೆ ಹೋದವು. ಈ ಚೀಲ ಹೋಗಲಿಲ್ಲ. ಮರೆತು ಅಲ್ಲ. "ಯಾವ ಗಾಡಿ ನನ್ನ ಮಗನ ಕನ್ಯಾ ನೋಡಾಕ ಹೊಂಡತೈತಿ, ಅದರ ಕಬ್ಬಿಣ ನಿನ್ನ ಮುಂದ ಇಡತೀನಿ. ಮಾತ ಕೂಡಿದ ಮ್ಯಾಲ ಎತ್ತತೀನಿ," ಎಂದು ರಾಮವ್ವ ಬೀರಪ್ಪನಿಗೆ ಮಾತು ಕೊಟ್ಟಿದ್ದಳು. ಗಾಡಿಯ ಜಾಗ ಬರಿದಾಗಿರಬಾರದೆಂದು ಕಾಯಿ ಇಟ್ಟಿದ್ದಳು.

"ಗಾಲಿ ಹರದೈತಿ ಯವ್ವಾ. ಅದಿಲ್ಲಂದ್ರ ಹೋಗಾಕಾಗೂದಿಲ್ಲ."

"ಮಾತ ಕೊಟ್ಟೀನೋ ಮಾಲಿಂಗಾ," ಎಂದಳು ರಾಮವ್ವ. "ಈಗ ಎತ್ತಿದ್ರ ಇದೂ ಮುರೀತೈತಿ. ಇಷ್ಟ ವರ್ಷ ಮುರದಾವು. ನನ್ನ ಕೈಲೆ ನಾ ಮುರೀಲ್ಯಾ?"

"ಇರಲಿ ಬಿಡು, ನೋಡತೀವಿ," ಎಂದು ಮಾಲಿಂಗ ಫೋನ್ ಇಟ್ಟ.

"ತಿಳೀತಽ?" ಎಂದ ಬೀರಸಿದ್ದಪ್ಪ ಮಾಮಾ, ಟೊಪ್ಪಿಗೆ ತೆಗೆದು ತಲೆ ಕೆರೆದುಕೊಳ್ಳುತ್ತ. "ಲಗ್ನ ಕೂಡಿದ್ರ ಪಾನಾ. ಪಾನಾ ಇದ್ರ ಲಗ್ನ. ಹಿಂತಾ ಅಕ್ಕನ ಹೊಟ್ಟ್ಯಾಗ ಹುಟ್ಟಿದವ ನೀ, ನಿನಗ ಇನ್ನೂ ಲಗ್ನ ಆಗಿಲ್ಲ ಅಂದ್ರ ಅದರಾಗೇನ ಅಚ್ಚರಿ ಇಲ್ಲ ಬಿಡು."

ಬೀಗರ ಮನೆಯ ದಾರಿಗೇ ಬೀಗ ಬಿದ್ದಿತ್ತು, ಚಾವಿ ದೇವರ ಹತ್ತಿರವಿತ್ತು.

ಹಾಗೆಂದು ಸುಮ್ಮನೆ ಕೂರಲಿಲ್ಲ. ಜೀಪಿನವನೊಬ್ಬ ನಿಂತು ಜಾಕೂ ಕೊಟ್ಟ, ಪಾನಾನೂ ಕೊಟ್ಟ, ಪಾಪ, ತಾನೇ ಅಂಗಿಯ ತೋಳು ಮಡಚಿ ಕೂತ. ಒಂದೊಂದೇ ನಟ್ಟು ಸಡಿಲಾಗಿ ಬರತೊಡಗಿದಾಗ ಗುಡ್ಡವ್ವ ಬೀರಪ್ಪನಿಗೆ ಕೈ ಮುಗಿದಳು. ಕೊನೆಯದು ಉಳಿಯಿತು. ಜೀಪಿನವ ಪಾನಾ ಹಾಕಿ ತಿರುವಿದ, ಪಾನಾದ ಮೇಲೆ ನಿಂತ, ಕುಣಿದ. ಹೊಳೆಯುವ ಆ ನಟ್ಟು, ನಟ್ಟನಡು ದಾರಿಯಲ್ಲಿ, ಕಳ್ಳರಿಂದ ಕಾಯಬೇಕಾದ ಗಾಲಿಯನ್ನು ಅದರ ಮಾಲಕನಿಂದಲೇ ಕಾಯುತ್ತ ಕೂತಿತು.

"ಕಂಪನಿ ಚಲೋ ಐತಿ ನೋಡ್ರಿ," ಎಂದು ಸಮಾಧಾನ ಹೇಳಿ ಜೀಪಿನವ ಬೆವರು ಒರೆಸಿಕೊಂಡ. "ಬೇಕಾದ್ರ ಒಬ್ಬಿಬ್ಬರನ್ನ ಹುಕ್ಕೇರಿ ತನಕ ಬಿಡತೀನಿ."

ಮಾಮಾ ಒಪ್ಪಲಿಲ್ಲ. ಕಾರಿದೆ ಎಂದು ಹೇಳಿ, ಮಂದಿಯ ಜೀಪಿನಲ್ಲಿ ಇಬ್ಬರಾಗಿ ಇಳಿದರೆ ಏನು ಮುಖ? ಹುಡುಗನ ಕಾರು ದಾರಿಯಲ್ಲಿ ಕೆಟ್ಟಿತು ಅಂದರಂತೂ ಲಗಮಣ್ಣ ಅಪಶಕುನ ಎಂದು ಬಾಗಿಲಲ್ಲೇ ನಿಲ್ಲಿಸುತ್ತಾನೆ. ಜೀಪು ಹೋಯಿತು.

ಹತ್ತಿರದ ಹಳ್ಳಿಯ ಪಂಚರ್ ಅಂಗಡಿಗೆ ಅರ್ಜುನ ಹೋಗಿಬಂದ. "ಕೀಲಿ ಹಾಕೈತಿ. ಪಂಚರ್‍ನವ ಲಗ್ನಕ್ಕ ಹೋಗ್ಯಾನಂತ. ಯಾರ ಲಗ್ನಕ್ಕ ಅಂತ ಕೇಳಿದೆ. ತನ್ನ ಲಗ್ನಕ್ಕನ ಹೋಗ್ಯಾನ." ಮಾಲಿಂಗನೂ ನಕ್ಕ. ಆ ದಿನ ಅವನು ನಕ್ಕದ್ದು ಅಷ್ಟೇ.

ಸಿದ್ರಾಯ ಸಹಾಯವಾಣಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. "ನಿಮ್ಮ ತಾಳ್ಮೆಗೆ ಧನ್ಯವಾದಗಳು. ಸರ್, ಹತ್ತಿರದಲ್ಲಿ ಯಾವುದಾದರೂ ಮಾಲ್ ಅಥವಾ ಮೆಟ್ರೋ ನಿಲ್ದಾಣ ಇದೆಯಾ?" ಎಂದಿತು ದಕ್ಷಿಣದ ಮೆತ್ತನೆಯ ಧ್ವನಿ.

"ಮಾಲ್ ಎಲ್ಲಿದ್ರಿ ಮೇಡಂ, ಕಬ್ಬ ಐತಿ. ಬಲಕ್ಕೂ ಕಬ್ಬ, ಎಡಕ್ಕೂ ಕಬ್ಬ."

"ಕಬ್ಬನ್ ಪಾರ್ಕಾ ಸರ್?"

ಸಹಾಯದ ಗಾಡಿ ಬೆಳಗಾವಿಯಿಂದ ಬರಬೇಕು, ಸಂಜೆಯಾಗುತ್ತದೆ ಎಂದು ತಿಳಿಯುವಷ್ಟರಲ್ಲಿ ಫೋನಿನ ಬ್ಯಾಟರಿ ಅರ್ಧವಾಗಿತ್ತು. ಮೇಡಂ ಇಟ್ಟ ಮೇಲೂ ಅರ್ಜುನ ಅದೇ ಧ್ವನಿಯಲ್ಲಿ, "ಸರ್, ನಿಮ್ಮ ಮದುವೆಯ ತಾಳ್ಮೆಗೆ ಧನ್ಯವಾದಗಳು," ಎಂದು ಮಾಲಿಂಗನ ಕಿವಿಯಲ್ಲಿ ಉಸುರಿದ.

ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ತ್ರಿಕೋನದ ಮುಂದೆ ನಿಂತಳು.

"ದವಾಖಾನಿಯಾವ್ರೇನೋ ಯಪ್ಪಾ? ಮೊದಲ ಆಪ್ರೇಶನ್ ಮಾಡಾವ್ರು ಹಿಂತಾ ಕೆಂಪ ಮುಕ್ಕೋಣ ಹಚ್ಚತಿದ್ರು. ಎರಡ ಮಕ್ಕಳ ಸಾಕು ಅಂತ."

"ನಮಗ ಇನ್ನೂ ಲಗ್ನನ ಆಗಿಲ್ಲಬೇ ಆಯಿ," ಎಂದ ಅರ್ಜುನ.

"ಹೌದ? ಅದಕ್ಕ ಉಲ್ಟಾ ಹಚ್ಚೀರಿ," ಎಂದು ಮುದುಕಿ ಹೊರೆ ಸರಿಪಡಿಸಿಕೊಂಡು ನಡೆದಳು.

ಅಷ್ಟರಲ್ಲಿ ಅಪ್ಪಣ್ಣನ ಫೋನು. "ಎಲ್ಲಿ ಅದೀರಿ ಮಾರಾಯ್ರ್ಯಾ? ಹುಡುಗಿ ಸೀರಿ ಉಟ್ಟ ಕುಂತಾಳ. ಲಗಮಣ್ಣ ಗಡಿಯಾರ ನೋಡಾಕತ್ತಾನ."

"ಬಂದ್ವಿ, ಬಂದ್ವಿ. ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಿದ್ದೈತಿ," ಎಂದ ಮಾಮಾ. ಫೋನ್ ಇಟ್ಟವನು ಕಾರಿನ ಸುತ್ತ ಒಂದು ಸುತ್ತು ಹಾಕಿದ. ಆಮೇಲೆ ನಿಂತ. ಉಪಾಯ ಹೊಳೆದಾಗ ಅವನ ಎಡಗಣ್ಣು ಸಣ್ಣದಾಗುತ್ತದೆ, ಅದು ಆಯಿತು.

"ಮಾಲಿಂಗಾ, ನಿಮ್ಮವ್ವಗ ಫೋನ್ ಹಚ್ಚು. ಲಗ್ನ ಕೂಡೇತಿ ಅಂತ ಹೇಳು."

"ಏನ್ ಮಾತಾಡ್ತೀ ಮಾಮಾ!"

"ಆ ಜೀಪಿನವ ನಮ್ಮನ್ನ ದಡ್ಡಿಗೆ ಬಿಟ್ಟಾನ, ಹುಡುಗಿ ಹೂಂ ಅಂದಾಳ. ಸಿದ್ರಾಯ ಗಾಡಿ ಕಾಯ್ಕೋತ ಹಾದ್ಯಾಗ ಕುಂತಾನ, ಅವಗ ಪಾನಾ ಕಳಸಬೇಕು. ಇಷ್ಟ ಹೇಳು. ಮಾತ ಕೂಡೇತಿ ಅಂದ್ರ ಅಕ್ಕ ಎತ್ತತಾಳ. ಬಾಜೂ ಮನಿ ಅಭಿಷೇಕ ಬೈಕ್ ಮ್ಯಾಲ ತಗೊಂಡ ಬರ್ತಾನ. ನಾಕೂವರಿ ಒಳಗ ದಡ್ಡಿ ಮುಟ್ಟತೀವಿ."

"ಅವ್ವಗ ಸುಳ್ಳ ಹೇಳಾಂಗಿಲ್ಲ ನಾ."

"ಸುಳ್ಳ ಅಲ್ಲಲೇ. ಮುಂಗಡ ಖರೆ. ಸಂಜಿಕ ಖರೆ ಆಗೂದನ್ನ ಮಧ್ಯಾಹ್ನ ಹೇಳೂದು."

ಮಾಲಿಂಗ ಗುಡ್ಡವ್ವನ ಮುಖ ನೋಡಿದ. ಆಕೆ ಬೇರೆ ಕಡೆ ನೋಡಿದಳು. ಅವನ ಮೊಬೈಲಿನಲ್ಲಿ ಭಾಗ್ಯಾಳ ಫೋಟೋ ಇತ್ತು. ಎರಡು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ಅವಳ ಕಿವಿಯ ಓಲೆಯ ಹರಳಿನ ಬಣ್ಣವೂ ಅವನಿಗೆ ಬಾಯಿಪಾಠವಾಗಿತ್ತು. ಸೀರೆ ಉಟ್ಟು ಕೂತಿದ್ದಾಳಂತೆ. ಅವನು ತಾಯಿಯ ನಂಬರ್ ಒತ್ತಿದ.

"ಯವ್ವಾ... ಮಾತ ಕೂಡಿತು."

ಫೋನಿನಿಂದ ಬಂದದ್ದು ಅಳುವೋ ನಗುವೋ ತಿಳಿಯಲಿಲ್ಲ. ಮಾಮಾ ಸನ್ನೆ ಮಾಡಿದ ಹಾಗೆ ಮಾಲಿಂಗ ಜೀಪಿನ ಕಥೆ ಹೇಳಿದ, ಪಾನಾ ಕೇಳಿದ.

"ಎತ್ತತೀನೆಪಾ, ಈಗ ಎತ್ತತೀನಿ. ಹುಡುಗಿ ಹ್ಯಾಂಗದಾಳ?"

"ಚಲೋ ಅದಾಳ. ಕಿವ್ಯಾಗ ಕೆಂಪ ಹಳ್ಳಿನ ಓಲಿ ಹಾಕ್ಯಾಳ."

"ಬೀಗರ ಕೈಯಾಗ ಫೋನ್ ಕೊಡು. ಒಂದ ಮಾತ ಆಡತೀನಿ."

ಮಾಲಿಂಗ ಫೋನನ್ನು ಎದೆಗೆ ಒತ್ತಿ ಹಿಡಿದ. ಮಾಮಾ ಅರ್ಜುನನ ಕಡೆ ಬೆರಳು ತೋರಿಸಿದ. ಲಗಮಣ್ಣ ಹಿಂದಿನ ವಾರ ಸ್ಪೀಕರಿನಲ್ಲಿ ಮಾತಾಡಿದ್ದನ್ನು ಅರ್ಜುನ ಕೇಳಿದ್ದ. ಅದನ್ನು ಮಾಡಿ ತೋರಿಸಿ ಓಣಿಯನ್ನೆಲ್ಲ ನಗಿಸಿದ್ದ. ಮಾತಿಗೆ ಮೊದಲು ಗಂಟಲಲ್ಲಿ ಒಂದು ಸಣ್ಣ ಮೋಟಾರು ಚಾಲೂ ಮಾಡಿದಂಥ ಕೆಮ್ಮು, ಆಮೇಲೆ "ಅಂದಂಗ್ರೀ". ಈಗಲೂ ಹಾಗೇ ಕೆಮ್ಮಿದ.

"ಅಂದಂಗ್ರೀ... ನಮಸ್ಕಾರ್ರೀ ರಾಮವ್ವಾರ. ಎಲ್ಲಾ ಬೀರಪ್ಪನ ಪುಣ್ಯಾರೀ."

"ನಮಸ್ಕಾರ್ರೀ ಅಣ್ಣಾರ," ಎಂದಳು ರಾಮವ್ವ. "ನನ್ನ ಮಗಾ ಮಾತಾಡೂದು ಕಡಿಮಿ ನೋಡ್ರಿ. ಹಸದ್ರೂ ಹೇಳಾಂಗಿಲ್ಲ. ಉಂಡಿ ಏನು ಅಂತ ನಾವಽ ಕೇಳಬೇಕು. ನಾ ಇರೂತನಕ ನಾ ಕೇಳತೀನಿ. ಆಮ್ಯಾಲ ಯಾರ ಕೇಳತಾರಂತ ರಾತ್ರಿ ನಿದ್ದಿ ಹತ್ತತಿದ್ದಿಲ್ರಿ. ನಿಮ್ಮ ಮಗಳಿಗೆ ಇದೊಂದ ಹೇಳ್ರಿ."

ನಗೆಗೆ ತಯಾರಾಗಿದ್ದ ಸಿದ್ರಾಯ ಟೈರಿನ ಕಡೆ ಬಗ್ಗಿದ. ಅರ್ಜುನನ ಗಂಟಲಿನ ಮೋಟಾರು ಒಮ್ಮೆ ಚಾಲೂ ಆಗಿ ನಿಂತಿತು, ಮತ್ತೆ ಚಾಲೂ ಆಯಿತು.

"ಕೇಳತಾಳ ಬಿಡ್ರಿ," ಎಂದ ಲಗಮಣ್ಣನ ಧ್ವನಿಯಲ್ಲಿ. "ನನ್ನ ಮಗಳು ಕೇಳತಾಳ."

ಆಮೇಲೆ ಕಾಯುವುದೊಂದೇ ಕೆಲಸ. ಅಭಿಷೇಕ ಹೊರಟ ಸುದ್ದಿ ಬಂತು, ಗೋಕಾಕ ದಾಟಿದ ಸುದ್ದಿ ಬಂತು. ಮಾಮಾ ಅಪ್ಪಣ್ಣನಿಗೆ ಮತ್ತೊಂದು ಟ್ರ್ಯಾಕ್ಟರ್ ಅಡ್ಡ ಕೆಡವಿದ. ಬಿಸಿಲು ಬಗ್ಗಿತು, ಆದರೆ ಇನ್ನೂ ಹೊತ್ತು ಇತ್ತು. ಅಭಿಷೇಕ ಬಂದ ಗಳಿಗೆಯಲ್ಲಿ ಗಾಲಿ ಬದಲಿಸಿ ಹೊರಟರೆ ರಾಹುಕಾಲಕ್ಕೆ ಮೊದಲೇ ದಡ್ಡಿ. ಗುಡ್ಡವ್ವ ಡಬ್ಬಿ ಬಿಚ್ಚಿ ರೊಟ್ಟಿ ಕೊಟ್ಟಳು. ಮಾಲಿಂಗ ಅಂಗಿಯ ಮೇಲೆ ಪಲ್ಯ ಬೀಳದಂತೆ ಮುಂದಕ್ಕೆ ಬಗ್ಗಿ ತಿಂದ.

ಮಾಮಾ ಎಲ್ಲವನ್ನೂ ಲೆಕ್ಕ ಹಾಕಿದ್ದ. ಒಂದನ್ನು ಬಿಟ್ಟಿದ್ದ. ಕನ್ಯೆ ತೋರಿಸಿದ ಪುಣ್ಯಾತ್ಮನಿಗೆ ತಿರುಗಿ ಒಂದು ಒಳ್ಳೆಯ ಮಾತು ಹೇಳದೆ ಇರುವ ಹೆಂಗಸಲ್ಲ ಅವನ ಅಕ್ಕ. ಪಾನಾದ ಚೀಲವನ್ನು ಹಸಿರು ಕುಪ್ಪಸದ ಅರಿವೆಯಲ್ಲಿ ಸುತ್ತಿ ಅಭಿಷೇಕನ ಕೈಗೆ ಕೊಟ್ಟವಳೇ, ಓಣಿಯ ಮನೆಮನೆಗೂ ಸಕ್ಕರೆ ಹಂಚಿ, ಕೈ ತೊಳೆದುಕೊಂಡು ಬಂದು ಅಪ್ಪಣ್ಣನಿಗೆ ಫೋನ್ ಮಾಡಿ, ಬೀಗರು ತನ್ನೊಡನೆ ಮಾತಾಡಿದ್ದನ್ನೂ ಹೇಳಿದ್ದಳು. ಅಪ್ಪಣ್ಣ ಲಗಮಣ್ಣನ ಪಡಸಾಲೆಯಲ್ಲಿ, ಲಗಮಣ್ಣನ ಬಾಜೂ ಕೂತಿದ್ದ. ಅವನಿಗೆ ಕಿವಿ ಸ್ವಲ್ಪ ಮಂದ, ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವನು.

ಮಾಮಾನ ಫೋನು ರಿಂಗಾಯಿತು. ಅಪ್ಪಣ್ಣನ ಹೆಸರು ನೋಡಿ, "ಬಂದ್ವಿ, ಬಂದ್ವಿ," ಎಂದೇ ಎತ್ತಿದ. ಆ ಕಡೆಯಿಂದ ಎಲ್ಲರಿಗೂ ಕೇಳುವಂಥ ಒಂದು ಕೆಮ್ಮು ಬಂತು. ಅರ್ಜುನ ಕೂತಲ್ಲೇ ಬೆಚ್ಚಿಬಿದ್ದ.

"ಅಂದಂಗ್ರೀ," ಎಂದ ಲಗಮಣ್ಣ. "ನನ್ನ ಧ್ವನೀಲೆ ಮಾತಾಡಿದಾವ್ರು ಯಾರು?"

ಮಾಮಾ ಬಾಯಿ ತೆರೆದ. ಅಲ್ಲಿಂದ ಯಾವ ಟ್ರ್ಯಾಕ್ಟರೂ ಹೊರಬರಲಿಲ್ಲ.

"ಇರಲಿ, ಯಾರರೆ ಆಗಲಿ," ಎಂದ ಲಗಮಣ್ಣ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು. "ನಾ ನಿಮ್ಮನ್ನ ನೋಡಿಲ್ಲ. ನನ್ನ ಮಗಳು ನಿಮ್ಮ ಹುಡುಗನ ಮಾರಿ ನೋಡಿಲ್ಲ. ಆಕಿ ಹೂಂ ಅಂದಾಳಂತ ಮೂಡಲಗ್ಯಾಗ ಸಕ್ರಿ ಹಂಚ್ಯಾರಂತ. ಆಕಿ ಅನ್ನಬೇಕಾದ್ದನ್ನ ನೀವ ಹಾದಿ ಮ್ಯಾಲ ಅಂದ್ಬಿಟ್ರಿ. ಇನ್ನ ಆಕಿ ಏನ ಅನ್ನಬೇಕು?"

"ಅಣ್ಣಾರ, ಗಾಡಿ ಕೆಟ್ಟಿತ್ರಿ. ಅದಕ್ಕ..."

"ಗಾಡಿ ಕೆಟ್ರ ಗಾಡಿ ಕೆಟ್ಟೈತಿ ಅಂತ ಹೇಳಬೇಕಿಲ್ರಿ? ನಂದೂ ಕೆಡತೈತಿ. ಕಳಿಸಿ ತರಸತಿದ್ದೆ." ಕಡೆಗೆ ಹೇಳಿದ, "ಬರಬ್ಯಾಡ್ರಿ. ಹುಡುಗಿ ಸೀರಿ ಬದಲ ಮಾಡಾಕ ಎದ್ದ ಹೋದ್ಲು."

ಮಾಮಾ ಫೋನನ್ನು ಕಿವಿಯಿಂದ ಇಳಿಸದೆ ಹಾಗೇ ನಿಂತ. ಅರ್ಜುನ ಮಾಲಿಂಗನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಲು ಹೋದ, ಯಾರ ಧ್ವನಿಯೂ ಸಿಗಲಿಲ್ಲ.

ಅಭಿಷೇಕ ಬಂದದ್ದು ಆಗಲೇ. ಬೈಕಿನಿಂದ ಇಳಿಯುವ ಮೊದಲೇ ಹಲ್ಲು ಕಿರಿದ. ಅಂಗಿಯ ಕಿಸೆಯಿಂದ ಕಾಗದದ ಪುಡಿಕೆ ತೆಗೆದು, "ರಾಮವ್ವ ಕಾಕೂ ಕಳಿಸ್ಯಾಳ. ಮೊದಲ ಬಾಯಿ ಸೀ ಮಾಡ್ರಿ, ಆಮ್ಯಾಲ ಗಾಲಿ," ಎಂದ. ಎಲ್ಲರ ಅಂಗೈಗೂ ಒಂದೊಂದು ಚಿಟಿಕೆ ಹಾಕಿದ. ಯಾರೂ ಬೇಡ ಅನ್ನಲಿಲ್ಲ, ಬಾಯಿಗೂ ಹಾಕಿಕೊಳ್ಳಲಿಲ್ಲ. ಸಕ್ಕರೆ ಬೆವರಿಗೆ ಅಂಟಿತು.

ಹಸಿರು ಅರಿವೆ ಬಿಚ್ಚಿದರೆ ಜಾಕು, ಪಾನಾ, ಚಾವಿ, ಎಲ್ಲದಕ್ಕೂ ಭಂಡಾರ. ಲಾಕ್ ನಟ್ಟಿಗೆ ಚಾವಿ ಕೂರಿಸಿ ತಿರುವಿದ್ದೇ ತಡ, ಅದು ಬೆಣ್ಣೆಯಂತೆ ಬಂತು. ಹರಿದ ಗಾಲಿ ಹೊರಗೆ, ಸ್ಟೆಪ್ನಿ ಒಳಗೆ. ಎಲ್ಲವೂ ವಿಡಿಯೋದಲ್ಲಿ ತೋರಿಸಿದ ಹಾಗೆಯೇ ಆಯಿತು. ಸಿದ್ರಾಯ ತ್ರಿಕೋನ ಮಡಚಿ ತಂದ. ಗಾಲಿ ಬದಲಿಸುವುದು ಇಷ್ಟು ಸಲೀಸೆಂದು ಅವನಿಗೂ ಗೊತ್ತಿರಲಿಲ್ಲ. ಕೈಯೆಲ್ಲ ಹಳದಿಯಾಗಿತ್ತು, ಒರೆಸಿಕೊಳ್ಳಲಿಲ್ಲ.

"ಇನ್ನೂ ಹೊತ್ತೈತಲ್ರೀ," ಎಂದ ಏನೂ ತಿಳಿಯದ ಅಭಿಷೇಕ. "ಉಳದಾವ್ರು ದಡ್ಡ್ಯಾಗ ಅದಾರಂತ ಕಾಕೂ ಹೇಳಿದ್ಲು. ನೀವೆಲ್ಲಾ ಇಲ್ಲೇ ಅದೀರಿ?"

"ನೀ ಹೋಗಪಾ ಮುಂದ," ಎಂದಳು ಗುಡ್ಡವ್ವ.

ಕಾರು ಗೋಕಾಕದ ಕಡೆ ಮುಖ ಮಾಡಿತು. ಮಾಮಾ ಈ ಸಲ ದಾರಿ ಹೇಳಲಿಲ್ಲ. ಘಟಪ್ರಭಾ ಹತ್ತಿರ ಬರುವಾಗ ಮಾಲಿಂಗನ ಫೋನು ರಿಂಗಾಯಿತು. ರಿಂಗಾಗಿ ನಿಂತು, ಮತ್ತೆ ರಿಂಗಾಯಿತು.

"ಎತ್ತಬ್ಯಾಡ," ಎಂದ ಮಾಮಾ, ತಿರುಗದೆ. "ಮನಿಗೆ ಹೋದಮ್ಯಾಲ ನಾ ಹೇಳತೀನಿ."

ಮಾಲಿಂಗ ಎತ್ತಿದ.

"ಮಾಲಿಂಗಾ, ಹೊಂಟ್ರೇನು? ಅಪ್ಪಣ್ಣಗ ಫೋನ್ ಮಾಡಿದ್ದೆ. ಅಂವಾ ಏನೂ ಮಾತಾಡಲೇ ಇಲ್ಲ ನೋಡು, ಖುಷಿ ಆಗಿರಬೇಕು ಪಾಪ. ಬಾಜೂ ಮನಿಯಾಕಿ ಕೇಳಾಕ ಬಂದಿದ್ಲು, ಓಲಿ ಕೆಂಪ ಹಳ್ಳಿಂದು ಅಂತ ಹೇಳಿದೆ. ಕೆಂಪ ಅಲ್ಲೇನು?"

"ಹೂಂ."

"ಬೀಗರು ಭಾಳ ಸಂಭಾವಿತರು. ಧ್ವನಿ ಕೇಳಿದ್ರಽ ತಿಳೀತೈತಿ."

"ಹೂಂ ಯವ್ವಾ."

"ಅಂಗಳಾ ಸಾರಿಸೀನಿ. ನಿಮ್ಮಪ್ಪನ ಫೋಟೋಕ್ಕ ಹೂವು ಹಾಕೀನಿ. ಮಂದಿ ಬರಾಕತ್ತಾರ, ಚಹಾಕ್ಕ ಇಟ್ಟೀನಿ. ಲಗೂನ ಬರ್ರಿ. ಉಂಡೀ ಏನು?"

ಅರ್ಜುನ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದ. ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆಯ ತುಂಬ ಹರಡಿಕೊಂಡು ನಿಧಾನಕ್ಕೆ ಹೋಗುತ್ತಿತ್ತು. ಬಲಕ್ಕೆ ಜಾಗವಿತ್ತು, ಹಾಯಬಹುದಿತ್ತು. ಸಿದ್ರಾಯ ಹಾಯಲಿಲ್ಲ. ಯಾರೂ ಹಾಯಿ ಅನ್ನಲಿಲ್ಲ.

"ಉಂಡೀನಿ," ಎಂದ ಮಾಲಿಂಗ. ಇನ್ನೇನೋ ಹೇಳಬೇಕೆಂದು ಉಸಿರು ಎಳೆದುಕೊಂಡ. ಆದರೆ ರಾಮವ್ವ ಆಗಲೇ ಲಗ್ನದ ತಿಂಗಳಿಗೆ ಹೋಗಿದ್ದಳು. ಹಂದರಕ್ಕೆ ಈ ಸಲ ನೀನು ಕೈ ಹಚ್ಚಬಾರದು, ಓಣಿಯ ಹುಡುಗರೇ ಹಾಕುತ್ತಾರಂತೆ, ಈಗ ತಾನೇ ಬಂದು ಒಪ್ಪಿಕೊಂಡು ಹೋದರು ಎನ್ನುತ್ತಿದ್ದಳು. ಅವನು ಎಳೆದುಕೊಂಡ ಉಸಿರನ್ನು ಹಾಗೇ ಇಟ್ಟುಕೊಂಡು, ಸಿಕ್ಕ ಸಿಕ್ಕಲ್ಲಿ ಹೂಂ ಅನ್ನುತ್ತ, ಟ್ರ್ಯಾಕ್ಟರಿನ ಹಿಂದೆ ಕೂತು ಹೋದ.